ಬೋರ್ಡ್ ಸುಟ್ರೂ ಕೀ ಉಳೀತು: ಒಂದೇ ವಿಂಡೋಸ್ ಲೈಸೆನ್ಸ್ ಮೂರು ಮದರ್‌ಬೋರ್ಡ್ ಕಂಡ ಕಥೆ

ಸಾಗರದಲ್ಲಿ ನಮ್ದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಸೊಸೈಟಿ ಮಹಾಸಭೆ ನೋಟೀಸು, ಅರ್ಜಿ ಟೈಪಿಂಗು, ಜೆರಾಕ್ಸು, ಹೀಗೆ ಬಂದಿದ್ದೆಲ್ಲಾ ಮಾಡ್ತೀವಿ. 2019ರ ಮೇ ತಿಂಗಳು, ಕೃತ್ತಿಕೆ ಮಳೆ ಶುರುವಾಗಿತ್ತು, ಮದುವೆ ಸೀಸನ್ ಬೇರೆ, ಸಂಜೆ ಗುಡುಗು ಜಾಸ್ತಿ ಆಯ್ತು ಅಂತ ಯಾವಾಗ್ಲೂ ಮಾಡೋ ಹಾಗೆ ಕಂಪ್ಯೂಟರ್ ಆಫ್ ಮಾಡಿ ಯುಪಿಎಸ್ ಪ್ಲಗ್ ಕಿತ್ತಿಟ್ಟು ಶಟರ್ ಎಳ್ದು ಮನೆಗೆ ಹೋದೆ. ಆದ್ರೆ ನೆಟ್ ಕೇಬಲ್ ಕಿತ್ತಿರ್ಲಿಲ್ಲ. ಸಿಡಿಲು ಆ ದಾರೀಲೇ ಬಂತು. ಬೆಳಿಗ್ಗೆ ಬಂದು ನೋಡಿದ್ರೆ ಮೋಡೆಮ್ ಸತ್ತಿತ್ತು, ಕಂಪ್ಯೂಟರ್ ಬಟನ್ ಒತ್ತಿದ್ರೆ ಫ್ಯಾನ್ ಕೂಡ ತಿರುಗ್ತಿಲ್ಲ, ಸೈಡಿನ ತಗಡು ತೆಗೆದ್ರೆ ನೆಟ್ ಕೇಬಲ್ ಚುಚ್ಚೋ ಜಾಗದ ಹತ್ರ ಬೋರ್ಡ್ ಕಪ್ಪಾಗಿತ್ತು, ಸುಟ್ಟ ವಾಸನೆ.

ಇದನ್ನ ಯಾಕೆ ಬರೀತಿದೀನಿ ಅಂದ್ರೆ, ಆಮೇಲಿಂದ ಎಷ್ಟೋ ಜನ ಅಂಗಡಿಗೆ ಬಂದು ಇದೇ ಪ್ರಶ್ನೆ ಕೇಳಿದಾರೆ. ಬೋರ್ಡ್ ಬದಲಾಯಿಸಿದ್ರೆ ವಿಂಡೋಸ್‌ಗೆ ಮತ್ತೆ ದುಡ್ಡು ಕೊಡ್ಬೇಕಾ? ಹಳೇ ಕಂಪ್ಯೂಟರಿನ ಕೀ ಹೊಸದಕ್ಕೆ ಹಾಕ್ಬಹುದಾ? ಫಾರ್ಮ್ಯಾಟ್ ಮಾಡಿದ್ರೆ ಲೈಸೆನ್ಸ್ ಹೋಗುತ್ತಾ? ಒಂದೇ ಉತ್ತರ ಕೊಡೋಕೆ ಆಗಲ್ಲ, ನಿಮ್ಮ ಹತ್ರ ಇರೋ ಲೈಸೆನ್ಸ್ ಯಾವ ಜಾತೀದು ಅನ್ನೋದರ ಮೇಲೆ ಹೋಗುತ್ತೆ. ನಮ್ಮನೇಲಿ ಮೂರು ಮಷೀನು, ಮೂರಕ್ಕೂ ಮೂರು ಥರದ ಲೈಸೆನ್ಸ್ ಇದ್ದಿದ್ರಿಂದ ನಂಗೆ ಇದು ಕಷ್ಟಪಟ್ಟು ಗೊತ್ತಾಯ್ತು.

ಮೊದ್ಲು ಆ ಸುಟ್ಟ ಕಂಪ್ಯೂಟರ್ ವಿಷಯ. ಅದನ್ನ 2017ರಲ್ಲಿ ಅಸೆಂಬಲ್ ಮಾಡಿಸಿದ್ದು, ಏಳನೇ ಜನರೇಶನ್ ಐ5, 240 ಜಿಬಿ ಎಸ್‌ಎಸ್‌ಡಿ, ಅಂದ್ರೆ ವಿಂಡೋಸ್ ಕೂರೋ ಡಿಸ್ಕು, ಜೊತೆಗೆ ಒಂದು ಹಾರ್ಡ್‌ಡಿಸ್ಕು. ವಿಂಡೋಸ್ 10 ಪ್ರೊ ತಗೊಳೋವಾಗ ಅಂಗಡಿಯೋರು ಎರಡು ಥರದ್ದು ತೋರಿಸಿದ್ರು. ಒಂದು ಒಇಎಂ, ಬೆಲೆ ಕಡಿಮೆ. ಇನ್ನೊಂದು ರೀಟೇಲ್ ಡಬ್ಬಿ, ಒಳಗೆ ಪೆನ್‌ಡ್ರೈವು, ಒಂದು ಕಾರ್ಡಿನ ಮೇಲೆ 25 ಅಕ್ಷರದ ಕೀ, ಹತ್ತಿರ ಹತ್ತಿರ 15 ಸಾವಿರ ರೂಪಾಯಿ. ಎರಡೂ ಒಂದೇ ಮೇಡಂ, ಕೆಲಸದಲ್ಲಿ ಏನೂ ವ್ಯತ್ಯಾಸ ಇಲ್ಲ ಅಂದ್ರು. ಕೆಲಸದಲ್ಲಿ ವ್ಯತ್ಯಾಸ ಇಲ್ಲ ಅನ್ನೋದು ನಿಜಾನೇ. ಆದ್ರೆ ಅಕ್ಕನ ಮಗ ಆಗ ಇಂಜಿನಿಯರಿಂಗ್ ಓದ್ತಿದ್ದ, ಫೋನ್ ಮಾಡಿ ಕೇಳಿದ್ದಕ್ಕೆ, ಚಿಕ್ಕಮ್ಮ, ಒಇಎಂ ಅಂದ್ರೆ ಮೊದ್ಲು ಯಾವ ಮಷೀನಿಗೆ ಹಾಕ್ತೀರೋ ಅದಕ್ಕೇ ಗಂಟು, ಬೋರ್ಡ್ ಸತ್ರೆ ಅದೂ ಸತ್ತ ಹಾಗೆ, ರೀಟೇಲ್ ಆದ್ರೆ ಒಂದು ಮಷೀನಿಂದ ತೆಗೆದು ಇನ್ನೊಂದಕ್ಕೆ ಹಾಕ್ಬಹುದು, ಒಂದು ಸಲಕ್ಕೆ ಒಂದರಲ್ಲಿ ಮಾತ್ರ ಇರ್ಬೇಕು ಅಷ್ಟೇ, ನಮ್ಮೂರಲ್ಲಿ ಸಿಡಿಲು ಜಾಸ್ತಿ, ರೀಟೇಲೇ ತಗೊಳಿ ಅಂದ. ಅವತ್ತು ಜಾಸ್ತಿ ದುಡ್ಡು ಕೊಡೋವಾಗ ಸಂಕಟ ಆಯ್ತು. ಎರಡೇ ವರ್ಷಕ್ಕೆ ಅವನು ಹೇಳಿದ್ದು ಹೇಳಿದ ಹಾಗೇ ಆಯ್ತು.

ರಿಪೇರಿ ಹುಡುಗ ಬಂದ, ನೋಡ್ದ, ಅಕ್ಕಾ ಇದು ರಿಪೇರಿ ಆಗೋದಲ್ಲ, ಆದ್ರೆ ಪ್ರೊಸೆಸರ್ ರ‍್ಯಾಮ್ ಎಸ್‌ಎಸ್‌ಡಿ ಎಲ್ಲಾ ಚೆನ್ನಾಗಿದೆ, ಇದೇ ಸಾಕೆಟ್‌ದು ಬೇರೆ ಕಂಪನಿ ಬೋರ್ಡ್ ಬೆಂಗಳೂರಿಂದ ತರಿಸ್ಬೇಕು ಅಂದ. ಎಸ್‌ಪಿ ರೋಡಿಂದ ರಾತ್ರಿ ಬಸ್ಸಿಗೆ ಪಾರ್ಸೆಲ್ ಹಾಕ್ಸಿ ಮೂರನೇ ದಿನಕ್ಕೆ ಬೋರ್ಡ್ ಬಂತು. ಅಷ್ಟೊತ್ತಿಗೆ ಎರಡು ಮದುವೆ ಮನೆಯೋರು ದಿನಕ್ಕೆ ಎರಡು ಸಲ ಫೋನ್ ಮಾಡ್ತಿದ್ರು, ಒಬ್ರದ್ದಂತೂ ಪ್ರೂಫ್ ಓಕೆ ಆಗಿತ್ತು, ಪ್ರಿಂಟಿಗೆ ಕೊಡೋದಷ್ಟೇ ಬಾಕಿ.

ಬೋರ್ಡ್ ಕೂರಿಸಿ ಹಳೇ ಎಸ್‌ಎಸ್‌ಡಿ ಚುಚ್ಚಿ ಆನ್ ಮಾಡಿದ್ವಿ. ನಂಗೆ ಆಶ್ಚರ್ಯ ಆಗಿದ್ದು ಅಂದ್ರೆ ವಿಂಡೋಸ್ ಹಾಗೇ ಎದ್ದು ಬಂತು. ಹಿಂದೆ ಎಕ್ಸ್‌ಪಿ ಕಾಲದಲ್ಲಿ ಬೋರ್ಡ್ ಬದಲಾದ್ರೆ ನೀಲಿ ಸ್ಕ್ರೀನ್ ಬಂದು ನಿಲ್ತಿತ್ತು, ಈಗ ಡಿವೈಸ್ ಎಲ್ಲಾ ರೆಡಿ ಮಾಡ್ಕೋತಿದೀನಿ ಅಂತ ಒಂದೈದು ನಿಮಿಷ ತೋರಿಸ್ತು, ಒಂದು ಸಲ ರೀಸ್ಟಾರ್ಟ್ ಆಯ್ತು, ಡೆಸ್ಕ್‌ಟಾಪ್ ಬಂತು, ಕನ್ನಡ ಟೈಪ್ ಮಾಡೋ ನುಡಿ ಇದೆ, ಪುಟ ಜೋಡಿಸೋ ಪೇಜ್‌ಮೇಕರ್ ಇದೆ, ಫೈಲೆಲ್ಲಾ ಇದ್ದಲ್ಲೇ ಇದೆ. ಕಣ್ಣಲ್ಲಿ ನೀರು ಬಂತು ನಿಜವಾಗ್ಲೂ. ಹತ್ತು ವರ್ಷದ ಲಗ್ನಪತ್ರಿಕೆ ಫೈಲುಗಳು ಅದರಲ್ಲಿದ್ವು, ಬ್ಯಾಕಪ್ ಇದ್ದಿದ್ದು ಅರ್ಧ ಮಾತ್ರ.

ಆಮೇಲೆ ಬಲಗಡೆ ಕೆಳಗೆ ಮಸುಕಾಗಿ ಆ ಬರಹ ಬಂತು, ಆಕ್ಟಿವೇಟ್ ವಿಂಡೋಸ್ ಅಂತ, ಅಂದ್ರೆ ಈ ಮಷೀನಿಗೆ ಲೈಸೆನ್ಸ್ ಇದೆ ಅಂತ ಇನ್ನೂ ಖಾತ್ರಿ ಆಗಿಲ್ಲ. ಮೋಡೆಮ್ ಸತ್ತಿದ್ರಿಂದ ಮೊಬೈಲಿಗೆ ಯುಎಸ್‌ಬಿ ಕೇಬಲ್ ಹಾಕಿ ನೆಟ್ ಕೊಟ್ಟೆ, ನೆಟ್ ಬಂದ್ರೆ ತಾನಾಗೇ ಸರಿ ಹೋಗುತ್ತೆ ಅಂದ್ಕೊಂಡಿದ್ದೆ, ಹೋಗ್ಲಿಲ್ಲ. ಸೆಟ್ಟಿಂಗ್ಸಲ್ಲಿ ಆಕ್ಟಿವೇಶನ್ ಪುಟ ತೆಗೆದ್ರೆ ನಿಮ್ಮ ಡಿವೈಸಿನ ಹಾರ್ಡ್‌ವೇರ್ ಬದಲಾಗಿದೆ ಅಂತ ಬರ್ದಿತ್ತು, ಜೊತೆಗೆ 0ಎಕ್ಸ್‌ಸಿ004ಎಫ್211 ಅಂತ ಒಂದು ಎರರ್ ಕೋಡ್. ಅಂದ್ರೆ ವಿಂಡೋಸ್ ಮಷೀನಿನ ಗುರುತನ್ನ ಅದರ ಹಾರ್ಡ್‌ವೇರ್ ನೋಡಿ ಇಟ್ಕೊಂಡಿರುತ್ತೆ, ಅದರಲ್ಲಿ ಮದರ್‌ಬೋರ್ಡಿಗೇ ಹೆಚ್ಚು ತೂಕ. ರ‍್ಯಾಮ್ ಹಾಕ್ಸಿ, ಹಾರ್ಡ್‌ಡಿಸ್ಕ್ ಬದಲಾಯಿಸಿ, ಗ್ರಾಫಿಕ್ಸ್ ಕಾರ್ಡ್ ಹಾಕಿ, ಸಾಮಾನ್ಯವಾಗಿ ಏನೂ ಆಗಲ್ಲ. ಬೋರ್ಡ್ ಬದಲಾಯ್ತು ಅಂದ್ರೆ ಅದರ ಲೆಕ್ಕದಲ್ಲಿ ಅದು ಬೇರೆ ಕಂಪ್ಯೂಟರ್.

ರಿಪೇರಿ ಹುಡುಗ ಅಲ್ಲೇ ನಿಂತಿದ್ದ. ಅಕ್ಕಾ, ಯಾಕೆ ತಲೆ ಕೆಡಿಸ್ಕೋತೀರಾ, ಪೆನ್‌ಡ್ರೈವಲ್ಲಿ ಒಂದು ಸಾಫ್ಟ್‌ವೇರ್ ಇದೆ, ಎರಡು ನಿಮಿಷ, ಆಕ್ಟಿವೇಟ್ ಆಗ್ಬಿಡುತ್ತೆ ಅಂದ. ಅವನು ಕೆಟ್ಟ ಉದ್ದೇಶದಿಂದ ಹೇಳಿದ್ದಲ್ಲ, ಎಲ್ಲರಿಗೂ ಹಾಗೇ ಮಾಡ್ಕೊಡ್ತಾನೆ. ಇಂಥ ಕಳ್ಳ ಸಾಫ್ಟ್‌ವೇರಿಗೆ ಕ್ರ್ಯಾಕ್ ಅಂತಾರೆ, ಅವು ಬಹಳಷ್ಟು ಮಾಡೋದು ಏನಂದ್ರೆ, ದೊಡ್ಡ ಆಫೀಸುಗಳಲ್ಲಿ ನೂರಾರು ಮಷೀನ್ ಒಂದು ಸರ್ವರಿಂದ ಆಕ್ಟಿವೇಟ್ ಆಗೋ ವ್ಯವಸ್ಥೆ ಇದ್ಯಲ್ಲ, ಕೆಎಂಎಸ್ ಅಂತ, 180 ದಿನದೊಳಗೆ ಸರ್ವರಿಗೆ ಹೋಗಿ ಹಾಜರಿ ಹಾಕ್ಬೇಕು, ಅಂಥ ಸರ್ವರ್ ಒಂದನ್ನ ಸುಳ್ಳು ಸುಳ್ಳಾಗಿ ಎದುರಿಗೆ ನಿಲ್ಲಿಸೋದು. ಅದಕ್ಕೆ ಮೊದ್ಲು ಆಂಟಿವೈರಸ್ ಆಫ್ ಮಾಡ್ಬೇಕು. ನನ್ನ ಕಂಪ್ಯೂಟರಲ್ಲಿ ಊರೋರ ಆಧಾರ್ ಸ್ಕ್ಯಾನು, ಪಾನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ ಮೊದಲನೇ ಪುಟ, ಎಲ್ಲಾ ಬಂದು ಹೋಗುತ್ತೆ. ಯಾರು ಬರ್ದಿದ್ದೋ ಗೊತ್ತಿಲ್ಲದ ಸಾಫ್ಟ್‌ವೇರಿಗೆ ಆಂಟಿವೈರಸ್ ಆಫ್ ಮಾಡಿ ಬಾಗಿಲು ತೆಗ್ಯೋಕೆ ನಂಗೆ ಮನಸ್ಸು ಬರ್ಲಿಲ್ಲ. ಬೇಡಪ್ಪಾ, ದುಡ್ಡು ಕೊಟ್ಟು ತಗೊಂಡಿರೋದು, ಅದನ್ನೇ ಹಾಕೋಣ ಅಂದೆ.

ಅಂದೆ ಏನೋ ಸರಿ, ಕಾರ್ಡ್ ಎಲ್ಲಿ?

ಡಬ್ಬಿ ಅಂಗಡೀಲಿ ಇರ್ಲಿಲ್ಲ. ಅದಕ್ಕೆ ಬೇರೆ ದಾರಿ ನೋಡ್ದೆ. ಆಕ್ಟಿವೇಶನ್ ಪುಟದಲ್ಲೇ ಟ್ರಬಲ್‌ಶೂಟ್ ಅಂತ ಇರುತ್ತೆ, ಒತ್ತಿದ್ರೆ ಇತ್ತೀಚೆಗೆ ಹಾರ್ಡ್‌ವೇರ್ ಬದಲಾಯಿಸಿದೀನಿ ಅಂತ ಒಂದು ಲೈನ್ ಬರುತ್ತೆ. ಅದನ್ನ ಒತ್ತಿ ಮೈಕ್ರೋಸಾಫ್ಟ್ ಅಕೌಂಟಿಗೆ ಲಾಗಿನ್ ಆದ್ರೆ ನಿಮ್ಮ ಹಳೇ ಮಷೀನ್ ಹೆಸರು ತೋರಿಸುತ್ತೆ, ಅದನ್ನ ಆರಿಸಿ ಈಗ ಬಳಸ್ತಿರೋದು ಇದೇ ಅಂದ್ರೆ ಲೈಸೆನ್ಸ್ ಹೊಸ ಬೋರ್ಡಿಗೆ ಬರುತ್ತೆ. 2016ರ ಆಗಸ್ಟಲ್ಲಿ ಬಂದ ಆನಿವರ್ಸರಿ ಅಪ್‌ಡೇಟಿಂದ ಈ ಸೌಕರ್ಯ ಇದೆ. ಆದ್ರೆ ಬೋರ್ಡ್ ಸಾಯೋಕೆ ಮುಂಚೆ ಆ ಅಕೌಂಟಿಗೆ ಲೈಸೆನ್ಸ್ ಲಿಂಕ್ ಆಗಿರ್ಬೇಕು. ನಾನು ಸುಮ್ನೆ ಅಂಗಡಿ ಹೆಸರಲ್ಲಿ ಲೋಕಲ್ ಅಕೌಂಟ್, ಅಂದ್ರೆ ಆ ಕಂಪ್ಯೂಟರಿಗೆ ಮಾತ್ರ ಸೀಮಿತವಾದ ಅಕೌಂಟ್, ಮಾಡ್ಕೊಂಡು ಎರಡು ವರ್ಷ ಕೆಲಸ ಮಾಡಿದ್ದೆ. ಲಾಗಿನ್ ಆದೆ, ಪಟ್ಟಿ ಖಾಲಿ. ಇದು ಓದ್ತಿರೋರು ಈಗ್ಲೇ ಹೋಗಿ ನೋಡಿ, ಆಕ್ಟಿವೇಶನ್ ಪುಟದಲ್ಲಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿಗೆ ಲಿಂಕ್ ಆದ ಡಿಜಿಟಲ್ ಲೈಸೆನ್ಸ್ ಅಂತ ಬರ್ದಿದ್ರೆ ಸರಿ, ಬರೀ ಡಿಜಿಟಲ್ ಲೈಸೆನ್ಸ್ ಅಂತ ಇದ್ರೆ ಲಿಂಕ್ ಆಗಿಲ್ಲ ಅಂತ. ಮಷೀನ್ ಚೆನ್ನಾಗಿರೋವಾಗ ಐದು ನಿಮಿಷದ ಕೆಲಸ ಅದು.

ಆಮೇಲೆ ನೆನಪಾಯ್ತು, ಅಂಗಡಿಯ ಲೆಕ್ಕದ ಪುಸ್ತಕದ ಕೊನೇ ಪುಟದಲ್ಲಿ ವಿಂಡೋಸ್ ಕೀ ಅಂತ ಬರ್ದಿಟ್ಟಿದೀನಿ ಅಂತ. ಇತ್ತು. ಟೈಪ್ ಮಾಡ್ದೆ. ಕೀ ತಗೊಂತು, ತಪ್ಪು ಅನ್ಲಿಲ್ಲ, ಆದ್ರೆ ಆಕ್ಟಿವೇಟ್ ಮಾತ್ರ ಆಗ್ಲಿಲ್ಲ. ಮತ್ತೆ ಮತ್ತೆ ಹೊಡೆದೆ, ಅದೇ ಕಥೆ. ಅರ್ಧ ದಿನ ಇದರಲ್ಲೇ ಹೋಯ್ತು. ಕೊನೆಗೆ ಅಕ್ಕನ ಮಗನಿಗೆ ಫೋನ್ ಮಾಡ್ದೆ, ಕೊನೇ ಐದಕ್ಷರ ಓದಿ ಅಂದ, 3ವಿ66ಟಿ ಅಂದೆ. ಚಿಕ್ಕಮ್ಮ ಅದು ನಿಮ್ಮ ಕೀ ಅಲ್ಲ, ಅದು ಎಲ್ಲರ ಮನೇಲೂ ಇರೋ ಕೀ ಅಂದ.

ಆಗಿದ್ದು ಇಷ್ಟು. ನಮ್ಮಲ್ಲಿ ಎರಡನೇ ಕಂಪ್ಯೂಟರ್ ಒಂದಿತ್ತು, ಯಾವ್ದೋ ಆಫೀಸಲ್ಲಿ ಬಳಸಿ ಬಿಟ್ಟಿದ್ದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪು, ಕ್ಯಾಬಿನೆಟ್ ಮೇಲೆ ವಿಂಡೋಸ್ 7 ಪ್ರೊಫೆಶನಲ್ ಸ್ಟಿಕ್ಕರ್, ಅದರ ಮೇಲಿನ ಅಕ್ಷರ ಅರ್ಧ ಅಳಿಸಿ ಹೋಗಿತ್ತು. ವಿಂಡೋಸ್ 10 ಬಂದಿದ್ದು 2015ರ ಜುಲೈ 29ಕ್ಕೆ, ಅವತ್ತಿಂದ ಒಂದು ವರ್ಷ 7 ಮತ್ತೆ 8.1 ಇದ್ದೋರಿಗೆಲ್ಲಾ ಫ್ರೀ ಅಪ್‌ಗ್ರೇಡ್ ಕೊಟ್ಟಿದ್ರು, ನಾವು 2016ರಲ್ಲಿ ಅದನ್ನ ಮಾಡ್ಕೊಂಡಿದ್ವಿ. ಹೀಗೆ ಅಪ್‌ಗ್ರೇಡ್ ಆದ ಮಷೀನಿಗೆ ಅದರದ್ದೇ ಅಂತ ಬೇರೆ ಕೀ ಬರಲ್ಲ. ಆ ಬೋರ್ಡಿನ ಗುರುತು ಮೈಕ್ರೋಸಾಫ್ಟಿನ ಸರ್ವರಲ್ಲಿ ದಾಖಲಾಗುತ್ತೆ, ಅದೇ ಡಿಜಿಟಲ್ ಲೈಸೆನ್ಸ್. ಮಷೀನ್ ಒಳಗೆ ಕೂರೋದು ಒಂದು ಜೆನೆರಿಕ್ ಕೀ, ಪ್ರೊ ಆದ್ರೆ ಕೊನೆಗೆ 3ವಿ66ಟಿ, ಹೋಮ್ ಆದ್ರೆ 8ಎಚ್‌ವಿಎಕ್ಸ್7. ಪ್ರಪಂಚದಲ್ಲಿ ಯಾರ ಮನೇಲಿ ನೋಡಿದ್ರೂ ಅದೇ. ನಾನು ಯಾವಾಗ್ಲೋ ಕೀ ತೋರಿಸೋ ಒಂದು ಸಾಫ್ಟ್‌ವೇರ್ ಹಾಕಿ ಆ ಮಷೀನಿಂದ ಅದನ್ನ ನೋಡಿ ಪುಸ್ತಕದಲ್ಲಿ ಬರ್ದಿಟ್ಕೊಂಡಿದ್ದೆ. ಅದನ್ನ ಎಲ್ಲಿ ಟೈಪ್ ಮಾಡಿದ್ರೂ ತಗೊಳುತ್ತೆ, ಯಾಕಂದ್ರೆ ಅದು ಯಾವ ಎಡಿಶನ್, ಹೋಮಾ ಪ್ರೊನಾ, ಅಂತ ಹೇಳೋಕೆ ಇರೋ ಕೀ, ಹಕ್ಕು ಕೊಡೋ ಕೀ ಅಲ್ಲ. ನೀವೂ ಹೀಗೇನಾದ್ರೂ ಬರ್ದಿಟ್ಕೊಂಡಿದ್ರೆ ಕೊನೇ ಐದಕ್ಷರ ಒಂದ್ಸಲ ನೋಡಿ.

ಹಾಗಂತ ಆ ಡಿಜಿಟಲ್ ಲೈಸೆನ್ಸ್ ಕೆಟ್ಟದ್ದಲ್ಲ. ಅದೇ ಸೆಕೆಂಡ್ ಹ್ಯಾಂಡ್ ಮಷೀನಿನ ಹಾರ್ಡ್‌ಡಿಸ್ಕ್ 2018ರಲ್ಲಿ ಹೋಗಿತ್ತು, ಹೊಸ ಡಿಸ್ಕ್ ಹಾಕಿ ಪೆನ್‌ಡ್ರೈವಿಂದ ವಿಂಡೋಸ್ ಹಾಕೋವಾಗ ಕೀ ಕೇಳ್ತು, ನನ್ನ ಹತ್ರ ಕೀ ಇಲ್ಲ ಅನ್ನೋದನ್ನ ಒತ್ತಿ ಮುಂದೆ ಹೋದೆ, ನೆಟ್ ಸಿಕ್ಕ ತಕ್ಷಣ ತಾನಾಗೇ ಆಕ್ಟಿವೇಟ್ ಆಯ್ತು. ಒಂದೇ ಷರತ್ತು, ಎಡಿಶನ್ ಸರಿಯಾಗಿ ಆರಿಸ್ಬೇಕು. 7 ಪ್ರೊಫೆಶನಲ್ ಅಥವಾ ಅಲ್ಟಿಮೇಟ್ ಇದ್ದಿದ್ರೆ 10 ಪ್ರೊ, ಹೋಮ್ ಬೇಸಿಕ್ಕು ಹೋಮ್ ಪ್ರೀಮಿಯಂ ಇದ್ದಿದ್ರೆ 10 ಹೋಮ್. ಹೋಮ್ ಲೈಸೆನ್ಸ್ ಇರೋ ಮಷೀನಿಗೆ ಪ್ರೊ ಹಾಕಿ ಆಕ್ಟಿವೇಟ್ ಆಗ್ತಿಲ್ಲ ಅಂತ ಅಳೋರನ್ನ ಬಹಳ ನೋಡಿದೀನಿ. ಇನ್ನೊಂದು ಮಾತು, ಫ್ರೀ ಅಪ್‌ಗ್ರೇಡ್ ಮುಗಿದ ಮೇಲೂ ಬಹಳ ವರ್ಷ 7ರ ಸ್ಟಿಕ್ಕರ್ ಕೀ ಹೊಡೆದ್ರೆ 10 ಆಕ್ಟಿವೇಟ್ ಆಗ್ತಿತ್ತು, 2023ರ ಸೆಪ್ಟೆಂಬರಲ್ಲಿ ಮೈಕ್ರೋಸಾಫ್ಟ್ ಆ ದಾರಿ ಮುಚ್ಚಿದೆ. ಈಗ ಹಳೇ ಸ್ಟಿಕ್ಕರ್ ನಂಬ್ಕೊಂಡು ಹೊಸದಾಗಿ ಹೊರಡ್ಬೇಡಿ. ಮುಂಚೆನೇ ಡಿಜಿಟಲ್ ಲೈಸೆನ್ಸ್ ಆಗಿರೋ ಮಷೀನಿಗೆ ತೊಂದ್ರೆ ಇಲ್ಲ.

ಸರಿ, ಕಾರ್ಡಿಗೆ ಬರ್ತೀನಿ. ಮನೆ ಅಟ್ಟದ ಮೇಲೆ ಹಳೇ ಪ್ರಿಂಟರ್ ಡಬ್ಬಿ ಒಳಗೆ ಸಿಕ್ತು, ರಾತ್ರಿ ಒಂಬತ್ತಕ್ಕೆ, ಟಾರ್ಚ್ ಹಿಡ್ಕೊಂಡು ಮಗಳು, ಏಣಿ ಹಿಡ್ಕೊಂಡು ಇವ್ರು. ನಮ್ಮ ಮಳೆಗಾಲದ ಥಂಡಿಗೆ ಡಬ್ಬಿ ಬೂಸ್ಟು ಹಿಡಿದು ಮೆತ್ತಗಾಗಿತ್ತು, ಕಾರ್ಡಿನ ಒಂದು ಮೂಲೆ ಅಂಟ್ಕೊಂಡು ಎರಡು ಅಕ್ಷರ ಮಸುಕು. ಒಂದು ಬಿನೋ 8ಓ, ಇನ್ನೊಂದು ಜಿನೋ 6ಓ. ಇಲ್ಲೊಂದು ವಿಷಯ ನಂಗೆ ಉಪಯೋಗಕ್ಕೆ ಬಂತು: ವಿಂಡೋಸ್ ಕೀಯಲ್ಲಿ ಎಲ್ಲಾ ಅಕ್ಷರಾನೂ ಇರಲ್ಲ. ಎ, ಇ, ಐ, ಓ, ಯು ಒಂದೂ ಇಲ್ಲ, ಸೊನ್ನೆ ಇಲ್ಲ, 1 ಇಲ್ಲ, 5 ಇಲ್ಲ, ಎಲ್, ಎಸ್, ಝಡ್ ಇಲ್ಲ. ಮೊದ್ಲು ಎನ್ ಕೂಡ ಇರ್ಲಿಲ್ಲ, ವಿಂಡೋಸ್ 8ರಿಂದ ಅದು ಸೇರ್ತು. ಒಂದಕ್ಕೊಂದು ಗೊಂದಲ ಆಗೋ ಅಕ್ಷರ ಬಹಳಷ್ಟು ಬಿಟ್ಟಿದಾರೆ, ಆದ್ರೆ ಬಿ ಮತ್ತೆ 8, ಜಿ ಮತ್ತೆ 6 ಮಾತ್ರ ಉಳ್ಕೊಂಡಿವೆ, ನಂಗೆ ಅಳಿಸಿ ಹೋಗಿದ್ದೂ ಅವೇ. ಎರಡಕ್ಷರ, ಎರಡೆರಡು ಸಾಧ್ಯತೆ, ಒಟ್ಟು ನಾಲ್ಕು ಸಲ ಟ್ರೈ ಮಾಡಿದ್ರೆ ಸಾಕು. ಮೂರನೇ ಸಲಕ್ಕೆ ಕೀ ಸರಿ ಅಂತ ತಗೊಂತು.

ಸರಿ ಅಂತ ತಗೊಂಡು ಸ್ವಲ್ಪ ಹೊತ್ತು ಸುತ್ತಿ ಇನ್ನೊಂದು ಎರರ್, 0ಎಕ್ಸ್‌ಸಿ004ಸಿ008. ಈ ಕೀ ಈಗಾಗ್ಲೇ ಬೇರೆ ಮಷೀನಲ್ಲಿ ಬಳಕೆಯಾಗಿದೆ, ಇಲ್ಲಾ ಮಿತಿ ದಾಟಿದೆ ಅಂತ. ನಂಗೆ ಎದೆ ಧಸಕ್ ಅಂತು. ಯಾರೋ ನನ್ನ ಕೀ ಕದ್ದಿದಾರೆ ಅನ್ಕೊಂಡೆ. ಹಾಗಲ್ಲ, ಆ ಬೇರೆ ಮಷೀನ್ ಅಂದ್ರೆ ನನ್ನದೇ ಸುಟ್ಟ ಬೋರ್ಡ್. ಸರ್ವರಿಗೆ ಅದು ಸುಟ್ಟಿದ್ದು ಹೇಗೆ ಗೊತ್ತಾಗ್ಬೇಕು, ಅದರ ಪುಸ್ತಕದಲ್ಲಿ ಇನ್ನೂ ಅದು ಬದುಕೇ ಇದೆ. ಕಂಪ್ಯೂಟರಿಗೆ ಹೇಳೋಕಾಗಲ್ಲ, ಮನುಷ್ಯರಿಗೆ ಹೇಳ್ಬೇಕು. ಅದಕ್ಕೆ ಆಗ ಇದ್ದಿದ್ದು ಫೋನ್ ಆಕ್ಟಿವೇಶನ್.

ವಿಂಡೋಸ್ ಬಟನ್ ಮತ್ತೆ ಆರ್ ಒಟ್ಟಿಗೆ ಒತ್ತಿ ಬಂದ ಡಬ್ಬೀಲಿ ಎಸ್ ಎಲ್ ಯು ಐ ಅಂತ ಹೊಡೆದು ಒಂದು ಸ್ಪೇಸ್ ಬಿಟ್ಟು 4 ಹೊಡೆದ್ರೆ ದೇಶ ಯಾವ್ದು ಅಂತ ಕೇಳ್ತು, ಇಂಡಿಯಾ ಆರಿಸಿದ್ರೆ ಟೋಲ್ ಫ್ರೀ ನಂಬರ್ ಬಂತು, ಕೆಳಗೆ ಇನ್‌ಸ್ಟಲೇಶನ್ ಐಡಿ, 63 ಅಂಕಿ, ಏಳೇಳು ಅಂಕಿಯ ಒಂಬತ್ತು ಗುಂಪು. ನಾನು ಅದನ್ನ ಮೊದ್ಲೇ ಒಂದು ವೇಸ್ಟ್ ಪ್ರೂಫ್ ಹಿಂದೆ ದೊಡ್ಡದಾಗಿ ಬರ್ಕೊಂಡೆ, ಸ್ಕ್ರೀನ್ ನೋಡಿ ಫೋನ್ ನೋಡಿ ಒತ್ತೋಕೆ ಹೋದ್ರೆ ತಪ್ಪುತ್ತೆ. ಫೋನ್ ಮಾಡ್ದೆ, ಮಷೀನ್ ದನಿ, ಒಂದೊಂದೇ ಗುಂಪು ಒತ್ತಿ ಅನ್ನುತ್ತೆ. ಹೊರಗೆ ಶೀಟಿನ ಮೇಲೆ ಮಳೆ ಹುಯ್ಯೋ ಸದ್ದಿಗೆ ಅದು ಹೇಳೋದು ಅರ್ಧ ಕೇಳಲ್ಲ, ಆರನೇ ಗುಂಪಲ್ಲಿ ತಪ್ಪಿದೆ ಮತ್ತೆ ಒತ್ತಿ ಅಂತು, ನೋಡಿದ್ರೆ ಎರಡು ಅಂಕಿ ಹಿಂದೆ ಮುಂದೆ ಆಗಿತ್ತು. ಎಲ್ಲಾ ಆದ್ಮೇಲೆ ಇದರಿಂದ ಆಗಲ್ಲ, ಪ್ರತಿನಿಧಿಗೆ ಕೊಡ್ತೀವಿ ಅಂತ ಸ್ವಲ್ಪ ಹೊತ್ತು ಮ್ಯೂಸಿಕ್ಕು.

ಒಬ್ಬ ಹೆಣ್ಣುಮಗಳು ಸಿಕ್ಕಿದ್ರು, ಇಂಗ್ಲಿಷಲ್ಲೇ ಮಾತಾಡಿದ್ರು, ತುಂಬಾ ಸಮಾಧಾನದಿಂದ. ಈ ಕೀ ಎಷ್ಟು ಕಂಪ್ಯೂಟರಲ್ಲಿ ಹಾಕಿದೀರಾ ಅಂತ ಕೇಳಿದ್ರು. ಈಗ ಇರೋದು ಇದೊಂದರಲ್ಲೇ, ಹಳೇದರ ಬೋರ್ಡು ಸಿಡಿಲಿಗೆ ಸುಟ್ಟು ಹೋಗಿದೆ ಅಂದೆ. ಡಬ್ಬಿ ತಗೊಂಡಿದ್ದಾ, ಕಂಪ್ಯೂಟರ್ ಜೊತೆ ಬಂದಿದ್ದಾ ಅಂದ್ರು. ಡಬ್ಬಿ, ಬಿಲ್ ಇದೆ ಅಂದೆ. ಬಿಲ್ ಕಳ್ಸಿ ಅಂತ ಕೇಳ್ಲಿಲ್ಲ. ಐಡಿಯ ಅಂಕಿ ಮತ್ತೊಂದ್ಸಲ ಓದಿಸ್ಕೊಂಡು, ಅಲ್ಲಿಂದ ಕನ್ಫರ್ಮೇಶನ್ ಐಡಿ ಹೇಳೋಕೆ ಶುರು ಮಾಡಿದ್ರು, 48 ಅಂಕಿ, ಆರಾರು ಅಂಕಿಯ ಎಂಟು ಗುಂಪು, ಸ್ಕ್ರೀನಲ್ಲಿ ಎ ಯಿಂದ ಎಚ್ ತನಕ ಎಂಟು ಖಾನೆ. ನಾನು ಜೋರಾಗಿ ಹೇಳ್ತಾ ಹೋದೆ, ಮಗಳು ಕೀಬೋರ್ಡಲ್ಲಿ ಹೊಡೀತಾ ಹೋದ್ಲು. ಕೊನೇ ಖಾನೆ ತುಂಬಿ ಬಟನ್ ಒತ್ತಿದ್ಲು. ವಿಂಡೋಸ್ ಆಕ್ಟಿವೇಟ್ ಆಗಿದೆ ಅಂತ ಬಂತು. ಒಟ್ಟು ಇಪ್ಪತ್ತು ನಿಮಿಷ ಹಿಡೀತು ಅಷ್ಟೇ. ಫೋನ್ ಮಾಡೋಕೆ ಹೆದರ್ಕೊಂಡು ಮೂರು ದಿನ ಬೇರೆ ಬೇರೆ ಏನೇನೋ ಮಾಡಿದ್ದೆ, ಮೊದಲನೇ ದಿನಾನೇ ಮಾಡ್ಬಹುದಾಗಿತ್ತು. ಎರಡೂ ಮನೆ ಲಗ್ನಪತ್ರಿಕೆ ಆ ಶನಿವಾರ ಪ್ರಿಂಟಿಗೆ ಹೋಯ್ತು.

ಮರುದಿನ ಮಾಡಿದ ಮೊದ್ಲ ಕೆಲಸ ಮೈಕ್ರೋಸಾಫ್ಟ್ ಅಕೌಂಟಿಗೆ ಲಿಂಕ್ ಮಾಡಿದ್ದು. ಆಮೇಲೆ ಕಾರ್ಡನ್ನ ಸ್ಕ್ಯಾನ್ ಮಾಡಿ, ಮಸುಕಾದ ಎರಡಕ್ಷರ ಪೆನ್ನಲ್ಲಿ ಸರಿಯಾಗಿ ಬರ್ದು, ಬಿಲ್ ಜೊತೆ ಲ್ಯಾಮಿನೇಶನ್ ಮಾಡಿ ಅಂಗಡಿ ಲೈಸೆನ್ಸು, ಬಾಡಿಗೆ ಕರಾರು ಇರೋ ಫೈಲಿಗೇ ಸೇರಿಸ್ದೆ. ಈ ಕೀ ಕೂಡ ಒಂದು ಆಸ್ತಿ ಪತ್ರ ಅಂತ ನಂಗೆ ಅವತ್ತು ಅನ್ನಿಸ್ತು.

ಈ ಸುದ್ದಿ ಮನೇಲೆಲ್ಲಾ ಹಬ್ಬಿ ಭಾವ ಒಂದಿನ ಲ್ಯಾಪ್‌ಟಾಪ್ ಹಿಡ್ಕೊಂಡು ಬಂದ್ರು. ಅದರ ಸ್ಕ್ರೀನ್ ಒಡೆದಿತ್ತು, ಹಿಂಜು ಮುರಿದಿತ್ತು, ಅದನ್ನ ಬಿಟ್ಟು ಮನೆಗೆ ಒಂದು ಡೆಸ್ಕ್‌ಟಾಪ್ ಅಸೆಂಬಲ್ ಮಾಡಿಸ್ತಿದ್ರು. ಇದರ ಕೀ ತೆಗೆದು ಅದಕ್ಕೆ ಹಾಕ್ಕೊಡು, ನಿಂಗೆ ಗೊತ್ತಲ್ಲ ಅಂದ್ರು. ಬಾಹ್ಯ ಮಾನಿಟರ್ ಹಾಕಿ, ಎಸ್ ಎಲ್ ಎಂ ಜಿ ಆರ್, ಸ್ಪೇಸ್, ಸ್ಲ್ಯಾಶ್, ಡಿ ಎಲ್ ಐ ಅಂತ ರನ್ ಮಾಡ್ದೆ. ಇದೊಂದು ಕಮಾಂಡ್ ನೆನಪಿಟ್ಕೊಳ್ಳಿ, ಚಿಕ್ಕ ಕಿಟಕಿ ತೆಗ್ಯುತ್ತೆ, ಅದರಲ್ಲಿ ರೀಟೇಲ್ ಚಾನೆಲ್ ಅಂತ ಇದ್ದು, ಕೀಯ ಕೊನೇ ಐದಕ್ಷರ ಆ ಜೆನೆರಿಕ್ ಕೀದಲ್ದೇ ಇದ್ರೆ ಬೇರೆ ಮಷೀನಿಗೆ ಒಯ್ಯಬಹುದು, ಒಇಎಂ ಅಂತ ಇದ್ರೆ ಆಗಲ್ಲ. ಭಾವಂದು ಒಇಎಂ ಡಿಎಂ ಅಂತ ಬಂತು. ವಿಂಡೋಸ್ 8ರಿಂದ ಈಚೆಗೆ ಕಂಪನಿಯಿಂದಲೇ ವಿಂಡೋಸ್ ಜೊತೆ ಬರೋ ಲ್ಯಾಪ್‌ಟಾಪುಗಳಲ್ಲಿ ಕೀನ ಮದರ್‌ಬೋರ್ಡಿನ ಬಯಾಸ್ ಅನ್ನೋ ಚಿಪ್ಪಿನ ಒಳಗೇ ಬರ್ದಿರ್ತಾರೆ, ಅದಕ್ಕೇ ಈಗ ಸ್ಟಿಕ್ಕರಲ್ಲಿ ಕೀ ಇರಲ್ಲ. ಅದೇ ಲ್ಯಾಪ್‌ಟಾಪಿಗೆ ಹೊಸ ಎಸ್‌ಎಸ್‌ಡಿ ಹಾಕಿ ವಿಂಡೋಸ್ ಹಾಕಿದ್ರೆ ಕೇಳೋದೇ ಇಲ್ಲ, ಕೀನ ತಾನೇ ಓದ್ಕೊಳುತ್ತೆ. ಆ ಕೀನ ಹೊರಗೆ ತೆಗ್ಯೋದು ಕಷ್ಟ ಅಲ್ಲ, ಆದ್ರೆ ಬೇರೆ ಮಷೀನಿಗೆ ಹಾಕೋ ಹಕ್ಕು ಇಲ್ಲ. ಭಾವಾ, ಇದು ಈ ಲ್ಯಾಪ್‌ಟಾಪ್ ಜೊತೆ ಹುಟ್ಟಿದ್ದು, ಇದರ ಜೊತೆನೇ ಇರೋದು ಅಂದೆ. ಅವ್ರಿಗೆ ಬೇಜಾರಾಯ್ತು, ಅದಕ್ಕೂ ದುಡ್ಡು ಕೊಟ್ಟಿದೀನಲ್ಲ ಅಂದ್ರು. ಆ ಬೇಜಾರಿಗೆ ಉತ್ತರ ನನ್ನ ಹತ್ರ ಇರ್ಲಿಲ್ಲ. ಲ್ಯಾಪ್‌ಟಾಪ್ ಬೆಲೇಲಿ ಸೇರ್ಕೊಂಡು ಕಮ್ಮಿಗೆ ಬಂದಿರೋದು ಅದು, ಆದ್ರೆ ಕೊಳ್ಳೋವಾಗ ಇದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ ಅನ್ನೋದೂ ನಿಜ. ಕೊನೆಗೆ ಅದೇ ಲ್ಯಾಪ್‌ಟಾಪನ್ನ ಮಾನಿಟರಿಗೆ ಕಾಯಂ ಆಗಿ ಹಾಕಿ ಕೊಟ್ಟೆ, ಡೆಸ್ಕ್‌ಟಾಪಿನ ದುಡ್ಡು ಉಳೀತು, ಈಗ್ಲೂ ನಡೀತಿದೆ. ಆನ್‌ಲೈನಲ್ಲಿ ಐನೂರು ರೂಪಾಯಿಗೆ ಕೀ ಸಿಗುತ್ತಂತೆ ಅಂತ ಅವ್ರು ಕೇಳಿದ್ದಕ್ಕೆ ಬೇಡ ಅಂದೆ, ಹಾಗೆ ತಗೊಂಡಿದ್ದ ಒಬ್ಬ ಗಿರಾಕಿಯ ಮಷೀನಲ್ಲಿ ಕೆಲವು ತಿಂಗಳಾದ್ಮೇಲೆ ಕೀ ಬ್ಲಾಕ್ ಆಗಿದ್ದು ಕಣ್ಣಾರೆ ನೋಡಿದೀನಿ.

ಇನ್ನು ಮೂರನೇ ಬೋರ್ಡಿನ ಕಥೆ, ಇದು ಮೊನ್ನೆ ಮೊನ್ನೆದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಸಪೋರ್ಟ್ ಮುಗಿಯುತ್ತೆ ಅಂತ ಗೊತ್ತಿತ್ತು. ಇನ್ನೊಂದು ವರ್ಷ, 2026ರ ಅಕ್ಟೋಬರ್ ತನಕ ಸೆಕ್ಯುರಿಟಿ ಅಪ್‌ಡೇಟ್ ತಗೊಳೋ ದಾರಿ ಇತ್ತು, ಆದ್ರೆ ನಮ್ಮ ಏಳನೇ ಜನರೇಶನ್ ಪ್ರೊಸೆಸರಿಗೆ ವಿಂಡೋಸ್ 11 ಬರಲ್ಲ, ಅದಕ್ಕೆ ಇಂಟೆಲ್ ಆದ್ರೆ ಎಂಟನೇ ಜನರೇಶನ್ ಇಲ್ಲಾ ಅದರ ಮೇಲಿಂದು ಬೇಕು, ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇಕು. ಎಂಟು ವರ್ಷ ದುಡಿದ ಮಷೀನು, ಆಯುಧ ಪೂಜೆಗೆ ಹೊಸದೇ ತರೋಣ ಅಂತ ಆಯ್ತು. ಅಂಗಡಿಯೋರು ವಿಂಡೋಸ್ ಸೇರಿಸಿ ಕೊಟೇಶನ್ ಕೊಟ್ಟಿದ್ರು, ವಿಂಡೋಸ್ ತೆಗ್ದುಬಿಡಿ, ನನ್ನ ಹತ್ರ ಇದೆ ಅಂದೆ. 10ರ ರೀಟೇಲ್ ಪ್ರೊ ಕೀ 11 ಪ್ರೊಗೂ ನಡಿಯುತ್ತೆ, ಅದಕ್ಕೆ ಬೇರೆ ದುಡ್ಡಿಲ್ಲ.

ಈ ಸಲ ಹಳೇ ಮಷೀನ್ ಬದುಕಿತ್ತು, ಆದ್ರಿಂದ ಕ್ರಮವಾಗಿ ಮಾಡ್ದೆ. ಮೊದ್ಲು ಹಳೇದರಲ್ಲಿ ಕಮಾಂಡ್ ಪ್ರಾಂಪ್ಟ್‌ನ ಅಡ್ಮಿನ್ ಆಗಿ ತೆಗೆದು ಎಸ್ ಎಲ್ ಎಂ ಜಿ ಆರ್, ಸ್ಲ್ಯಾಶ್ ಯು ಪಿ ಕೆ ಕೊಟ್ಟೆ, ಕೀ ತೆಗೆದಾಯ್ತು ಅಂತು. ಆಮೇಲೆ ಅದೇ ಥರ ಸ್ಲ್ಯಾಶ್ ಸಿ ಪಿ ಕೆ ವೈ, ಅದು ರಿಜಿಸ್ಟ್ರೀಲಿ, ಅಂದ್ರೆ ವಿಂಡೋಸಿನ ಸೆಟ್ಟಿಂಗ್ ದಾಖಲೇಲಿ, ಉಳಿದಿರೋ ಕೀನ ಅಳಿಸುತ್ತೆ. ಇದರಿಂದ ಮೈಕ್ರೋಸಾಫ್ಟಿನ ಸರ್ವರಿಗೆ ಸುದ್ದಿ ಹೋಗಲ್ಲ, ಕೀ ಆ ಮಷೀನಿಂದ ಅಳಿಸಿ ಹೋಗುತ್ತೆ ಅಷ್ಟೇ. ಆದ್ರೂ ಮಾಡ್ಲೇಬೇಕು, ಒಂದು ಸಲಕ್ಕೆ ಒಂದೇ ಮಷೀನು ಅನ್ನೋದು ನಾವು ಒಪ್ಕೊಂಡಿರೋ ಮಾತು, ಜೊತೆಗೆ ಮುಂದೆ ಫೋನಲ್ಲಿ ಯಾರಾದ್ರೂ ಎಷ್ಟು ಕಡೆ ಇದೆ ಅಂತ ಕೇಳಿದ್ರೆ ಒಂದೇ ಕಡೆ ಅಂತ ಧೈರ್ಯವಾಗಿ ಹೇಳ್ಬಹುದು. ಆ ಹಳೇ ಮಷೀನಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಫ್ರೀ ಆಪರೇಟಿಂಗ್ ಸಿಸ್ಟಮ್ ಹಾಕಿ ಮಗಳಿಗೆ ಕೊಟ್ವಿ, ಅದರಲ್ಲೂ ನುಡಿಯ ಕೀಬೋರ್ಡ್ ವಿನ್ಯಾಸ ಕೆಜಿಪಿ ಅನ್ನೋ ಹೆಸರಲ್ಲಿ ಸಿಗುತ್ತೆ, ಯೂನಿಕೋಡಲ್ಲಿ ಆರಾಮಾಗಿ ಕನ್ನಡ ಟೈಪ್ ಮಾಡ್ತಾಳೆ.

ಹೊಸ ಮಷೀನಲ್ಲಿ 11 ಹಾಕೋವಾಗ ಕೀ ಇಲ್ಲ ಅಂತ ಒತ್ತಿ, ಪಟ್ಟೀಲಿ ಪ್ರೊ ಆರಿಸಿ ಮುಂದೆ ಹೋದೆ. ಮೈಕ್ರೋಸಾಫ್ಟ್ ಅಕೌಂಟ್ ಯಾವ್ದು ಅಂತ ಅದಾಗೇ ಕೇಳ್ತು, ಹಳೇದನ್ನೇ ಕೊಟ್ಟೆ. ಎಲ್ಲಾ ಮುಗಿಯೋ ಹೊತ್ತಿಗೆ ಸಂಜೆ, ಇವ್ರು ಆಗ್ಲೇ ಕ್ಯಾಬಿನೆಟ್‌ಗೆ ಕುಂಕುಮ ಹಚ್ಚಿ ಚೆಂಡುಹೂವಿನ ಮಾಲೆ ಹಿಡ್ಕೊಂಡು ನಿಂತಿದ್ರು. ಫೈಲಿಂದ ಲ್ಯಾಮಿನೇಶನ್ ಹಾಳೆ ತೆಗೆದು ಮಗಳ ಕೈಗೆ ಕೊಟ್ಟೆ, ಅವಳು ಓದಿದ್ಲು ನಾನು ಹೊಡೆದೆ, ಬಿ ಬಂದಾಗ ಬಿ ಫಾರ್ ಬೆಂಗಳೂರು ಅಂತಿದ್ಲು, ಜಿ ಬಂದಾಗ ಜಿ ಫಾರ್ ಗದಗ. ನೆಕ್ಸ್ಟ್ ಒತ್ತಿದೆ. ಚಕ್ರ ಸುತ್ತುತು. ಫೋನ್ ಪಕ್ಕದಲ್ಲೇ ಇಟ್ಕೊಂಡಿದ್ದೆ, 63 ಅಂಕಿ ಬರ್ಕೊಳೋಕೆ ಹಾಳೆನೂ ಇಟ್ಕೊಂಡಿದ್ದೆ. ಬೇಕಾಗ್ಲಿಲ್ಲ, ಮೊದಲನೇ ಸಲಕ್ಕೇ ಆಕ್ಟಿವ್ ಅಂತ ಬಂತು.

ನಂಬಿಕೆ ಬರ್ಲಿಲ್ಲ ನಂಗೆ. ಆಕ್ಟಿವೇಟ್ ಆಗಿಲ್ದೇ ಇದ್ರೆ ಸೆಟ್ಟಿಂಗ್ಸಲ್ಲಿ ವಾಲ್‌ಪೇಪರ್ ಬದಲಾಯಿಸೋಕೆ ಬಿಡಲ್ಲ, 2019ರಲ್ಲಿ ಮೂರು ದಿನ ಅದನ್ನೇ ನೋಡಿದ್ದೆ. ವಾಲ್‌ಪೇಪರ್ ಬದಲಾಯಿಸು ನೋಡೋಣ ಅಂದೆ. ಮಗಳು ಆಗಸ್ಟಲ್ಲಿ ಹೋದಾಗ ತೆಗೆದಿದ್ದ ಜೋಗದ ಫೋಟೋ ಆರಿಸಿದ್ಲು, ನಾಲ್ಕೂ ಧಾರೆ ತುಂಬಿ ಸುರೀತಿರೋದು. ಸ್ಕ್ರೀನ್ ತುಂಬಾ ಜೋಗ ಬಂತು. ಇವ್ರು ಮಾಲೆ ಹಾಕಿದ್ರು, ನಾನು ಹೊರಗೆ ಹೋಗಿ ನೆಟ್ ಕೇಬಲ್ ಕಿತ್ತಿಟ್ಟು ಬಂದೆ, ಸೊರಬದ ಕಡೆ ಮಿಂಚ್ತಾ ಇತ್ತು.